ಕೊನೆಯ ಸೆಮಿಸ್ಟರ್ ದಾಟಿದ ಗ್ಲಗ್

ಮೂಡಿಗೆರೆ ಸೀಮೆಯಲ್ಲಿ ಕಂಪ್ಯೂಟರಿನ ಹಳೆಯ ಕಥೆ ಕೆದಕಿದರೆ ಶಾಲೆಗಿಂತ ಮೊದಲು ಸಿಗುವುದು ಒಂದು ಕಾಫಿ ತೋಟ. ಅದರ ಒಡೆಯ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಕನ್ನಡದ ತಂತ್ರಾಂಶಕ್ಕಾಗಿ ಬರೆದರು, ವಾದಿಸಿದರು, ಬೇಕಾದಲ್ಲಿ ಜಗಳವನ್ನೂ ಆಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 'ಕುವೆಂಪು' ತಂತ್ರಾಂಶ ಹೊರತಂದದ್ದರ ಹಿಂದೆ ಅವರ ಒತ್ತಾಸೆಯಿತ್ತು. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಯಂತ್ರದ ಬೀಗದ ಕೈ ಯಾರ ಬಳಿ ಇರಬೇಕೆಂಬ ಅವರ ತಕರಾರು ಮಾತ್ರ ಅಷ್ಟರಲ್ಲಾಗಲೇ ಬೆಂಗಳೂರಿನ ಎಂಜಿನಿಯರಿಂಗ್ ಹುಡುಗರ ನಡುವೆ ಬೇರೊಂದು ರೂಪದಲ್ಲಿ ಓಡಾಡುತ್ತಿತ್ತು.

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನಂಥ ಹೋಬಳಿ ಊರಿನ ಮಕ್ಕಳು ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಓದಬೇಕೆಂದರೆ ಹಾಸನದಲ್ಲಿ 1960ರಿಂದಿರುವ ಮಲೆನಾಡು ಕಾಲೇಜು, ಚಿಕ್ಕಮಗಳೂರಿನಲ್ಲಿ 1980ರಿಂದಿರುವ ಆದಿಚುಂಚನಗಿರಿ ಕಾಲೇಜು, ಇಲ್ಲವೇ ಬೆಂಗಳೂರಿನ ಬಸ್ಸು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದ ಮೇಲೆ ಪಠ್ಯವೂ ಬಹುಪಾಲು ಒಂದೇ ಆಯಿತು. ಲ್ಯಾಬಿಗೆ ಹೋದರೆ ಟರ್ಬೊ ಸಿ ನೀಲಿ ಪರದೆ, ರೆಕಾರ್ಡ್ ಪುಸ್ತಕ, ಬಾಯಿಪಾಠ ಮಾಡಿದ ಪ್ರೋಗ್ರಾಂ. ಅದು ಹೇಗೆ ಓಡುತ್ತದೆಂದು ಕೇಳುವುದಕ್ಕೆ ಪರೀಕ್ಷೆಯಲ್ಲಿ ಅಂಕವಿರಲಿಲ್ಲ.

ಕೇಳಬೇಕೆನಿಸಿದವರು ಕ್ಲಾಸು ಮುಗಿದ ಮೇಲೆ ಸೇರತೊಡಗಿದರು. ಅಂಥ ಕೂಟಕ್ಕೆ ಗ್ನೂ/ಲಿನಕ್ಸ್ ಬಳಕೆದಾರರ ಗುಂಪು ಎಂದು ಹೆಸರು, ಹುಡುಗರ ಬಾಯಲ್ಲಿ 'ಗ್ಲಗ್'. ಕಂಪ್ಯೂಟರನ್ನು ನಡೆಸುವ ಗ್ನೂ/ಲಿನಕ್ಸ್ ಸ್ವತಂತ್ರ ತಂತ್ರಾಂಶ: ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದ್ದು, 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ವಿದ್ಯಾರ್ಥಿಯಾಗಿದ್ದಾಗಲೇ ಲಿನಕ್ಸ್ ಬರೆದದ್ದು ಇವರಿಗೆ ಪುರಾಣದಷ್ಟೇ ಪರಿಚಿತ. ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ಕಾಲೇಜಿನ 'ಗ್ಲಗ್ ಎಂವಿಐಟಿ' ಅಂಥದ್ದೊಂದು. ಇನ್‌ಸ್ಟಾಲ್ ಫೆಸ್ಟ್ ಎಂದರೆ ಇವರಿಗೆ ಹಬ್ಬವೇ: ಲ್ಯಾಪ್‌ಟಾಪ್ ತಂದವನಿಗೆ ಸೀನಿಯರ್ ಪಕ್ಕದಲ್ಲಿ ಕೂತು ಲಿನಕ್ಸ್ ಹಾಕಿಕೊಡುವುದು, ನಡುವೆ ಹಾರ್ಡ್ ಡಿಸ್ಕ್ ಅಳಿಸಿಹೋದರೆ ಇಬ್ಬರೂ ಸೇರಿ ಪೇಚಾಡುವುದು.

ಇಂಥ ಗುಂಪುಗಳಿಗೆ ಪ್ರಿನ್ಸಿಪಾಲರ ಅಡ್ಡಿಗಿಂತ ದೊಡ್ಡ ಕಂಟಕ ಎಂಟನೇ ಸೆಮಿಸ್ಟರ್. ಓಡಾಡಿ ಕಟ್ಟಿದವನಿಗೆ ಪ್ಲೇಸ್‌ಮೆಂಟ್ ಆಗುತ್ತದೆ. ಸರ್ವರಿನ ಪಾಸ್‌ವರ್ಡ್ ಅವನೊಡನೆಯೇ ಹೊರಟುಹೋಗುತ್ತದೆ. ಇದು ಕಾಲೇಜಿಗಷ್ಟೇ ಅಂಟಿದ ರೋಗವಲ್ಲ. ಹೊಸ ಶತಮಾನದ ಆರಂಭದಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಯೋಜನೆಯಲ್ಲಿ ಕಂಪ್ಯೂಟರು ಬಂದವು. ಕಲಿಸುವ ಹೊಣೆ ಗುತ್ತಿಗೆ ಹಿಡಿದ ಕಂಪನಿಗಳದು. ಗುತ್ತಿಗೆ ಮುಗಿದರೆ ಮೇಷ್ಟ್ರು ಹೋದರು, ಪೆಟ್ಟಿಗೆ ಉಳಿಯಿತು.

ಕರ್ನಾಟಕದಲ್ಲಿ ಈ ತೊಡಕಿಗೆ ಸಿಕ್ಕ ಉತ್ತರಗಳಲ್ಲಿ ಒಂದು ಎಫ್‌ಎಸ್‌ಎಂಕೆ, ಅಂದರೆ ಸ್ವತಂತ್ರ ತಂತ್ರಾಂಶ ಚಳವಳಿಯ ಕರ್ನಾಟಕದ ಸಂಘಟನೆ. ಕಳೆದ ದಶಕಕ್ಕೆ ಕಾಲಿಡುವ ಹೊತ್ತಿಗೆ ಬೇರೆ ಬೇರೆ ಕಾಲೇಜುಗಳ ಗ್ಲಗ್‌ಗಳೂ ಐಟಿ ಉದ್ಯೋಗಿಗಳೂ ಇದರಡಿ ಸೇರಿದ್ದರು. ಲಾಭದ ಉದ್ದೇಶವಿಲ್ಲದ ಈ ಸಂಸ್ಥೆ ರಜೆಯಲ್ಲಿ ಹಲವು ದಿನಗಳ ವಸತಿ ಶಿಬಿರ ನಡೆಸಿತು. ಹಿಂದಿನ ವರ್ಷ ಶಿಬಿರಕ್ಕೆ ಬಂದವನು ಈ ವರ್ಷ ಪೈಥಾನ್ ಕಲಿಸಲು ನಿಲ್ಲುವುದುಂಟು. ಜಾಣತನ ಇರುವುದೇ ಇಲ್ಲಿ: ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದವನಿಗೂ ಭಾನುವಾರ ಬಂದು ಕೂರಲು ಒಂದು ಜಾಗ ಉಳಿಯಿತು.

ಕಾಲೇಜಿನ ಕಾಂಪೌಂಡಿನಾಚೆಗೂ ಕೆಲಸ ಹಬ್ಬಿತು. ಬೆಂಗಳೂರಿನ ಗುರಪ್ಪನಪಾಳ್ಯದ ಬಳಿ ಸುದರ್ಶನ ಲೇಔಟ್ ಎಂಬ ಕೊಳೆಗೇರಿಯಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ ಶುರುವಾಯಿತು. ಹಳೆಯ ಕಂಪ್ಯೂಟರು, ವಾರಾಂತ್ಯದ ಸ್ವಯಂಸೇವಕರು. ಗಾರೆ ಕೆಲಸದವರ, ಮನೆಗೆಲಸದವರ ಮಕ್ಕಳು. ಜಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಮಕ್ಕಳು ಬಿಡಿಸಿದ ಚಿತ್ರಗಳು ಪತ್ರಿಕೆಗಳ ಕಣ್ಣಿಗೂ ಬಿದ್ದವು. ಪರವಾನಗಿಗೆ ದುಡ್ಡು ಕೊಡಬೇಕಿದ್ದರೆ ಈ ಕೇಂದ್ರದ ಬಾಗಿಲೇ ತೆರೆಯುತ್ತಿರಲಿಲ್ಲವೇನೋ.

ವಿದ್ಯಾರ್ಥಿಗಳ ಕೂಟ ಕಾಂಪೌಂಡು ದಾಟಿ ಹಬ್ಬುವ ಇದೇ ದಾರಿ ದೂರದ ಐರ್ಲೆಂಡಿನಲ್ಲಿ ಬಹಳ ಬೇಗ ಸವೆಯಿತು. ಕಾರ್ಕ್ ನಗರದ ಜೇಮ್ಸ್ ವೆಲ್ಟನ್ ಎಂಬ ಹುಡುಗ ಐಪಾಡ್ ನ್ಯಾನೊ ಹ್ಯಾಕ್ ಮಾಡಿ ಹೆಸರಾದ. ತಮಗೂ ಕಲಿಸೆಂದು ಸಹಪಾಠಿಗಳು ದುಂಬಾಲುಬಿದ್ದರು, ಶಾಲೆಯಲ್ಲೇ ಕಂಪ್ಯೂಟರ್ ಕ್ಲಬ್ ಹುಟ್ಟಿತು. 2011ರಲ್ಲಿ ಬಿಲ್ ಲಿಯಾವ್ ಎಂಬ ಉದ್ಯಮಿಯ ಜೊತೆಗೂಡಿ ಅವನು ಕೋಡರ್‌ಡೋಜೊ ಆರಂಭಿಸಿದ: 7ರಿಂದ 17 ವರ್ಷದವರಿಗೆ ಶುಲ್ಕವಿಲ್ಲದ ತರಗತಿ. ಅದು ಪ್ರತಿಷ್ಠಾನವಾಗಿ ದೇಶದೇಶಗಳಿಗೆ ಹಬ್ಬಿ, 2017ರಲ್ಲಿ ಬ್ರಿಟನ್ನಿನ ರಾಸ್ಪ್‌ಬೆರಿ ಪೈ ಪ್ರತಿಷ್ಠಾನದೊಡನೆ ಸೇರಿಕೊಂಡಿತು.

ನಮ್ಮ ಗ್ಲಗ್‌ಗಳ ಬೆನ್ನಿಗೆ ಅಂಥ ಹಣದ ಬಲವಿರಲಿಲ್ಲ. ಶಿಬಿರಕ್ಕೆ ಜಾಗ ಕೊಡುವ ಕಾಲೇಜನ್ನು ಪ್ರತಿಸಲ ಹುಡುಕಬೇಕು, ಊಟ-ವಸತಿಯ ಖರ್ಚನ್ನು ವಿದ್ಯಾರ್ಥಿಗಳಿಗೆ ಭಾರವಾಗದಂತೆ ಹೊಂದಿಸಬೇಕು. ಚಟುವಟಿಕೆಯ ಹೆಚ್ಚಿನ ಪಾಲು ಬೆಂಗಳೂರಿನ ಸುತ್ತಲೇ ಉಳಿದದ್ದಕ್ಕೆ ಇದೂ ಒಂದು ಕಾರಣ: ಭಾನುವಾರ ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಬರಬಲ್ಲ ಸ್ವಯಂಸೇವಕ ಅಲ್ಲಿ ಸಿಗುತ್ತಾನೆ, ಗೋಣಿಬೀಡಿನಲ್ಲಿ ಸಿಗುವುದಿಲ್ಲ.