ಜೈನ ನ್ಯಾಯದಲ್ಲಿ ಅನುಮಾನ ಮತ್ತು ಭೀಮಾತೀರದ ಇತಿಹಾಸ

‘ಅನುಮಾನ’ವೆಂದರೆ ಆಡುಮಾತಿನಲ್ಲಿ ಸಂಶಯ. ಜೈನ ನ್ಯಾಯಶಾಸ್ತ್ರದಲ್ಲಾದರೋ ಅದು ಸಂಶಯವನ್ನು ನೀಗುವ ಪ್ರಮಾಣ. ಕಂಡ ಹೇತುವಿನಿಂದ ಕಾಣದ ಸಾಧ್ಯವನ್ನು ನಿಶ್ಚಯವಾಗಿ ಅರಿಯುವ ಜ್ಞಾನ.

ಹೇತುವು ಪಕ್ಷದಲ್ಲಿರಬೇಕು, ಸಪಕ್ಷದಲ್ಲಿರಬೇಕು, ವಿಪಕ್ಷದಲ್ಲಿರಬಾರದು ಎಂದು ಬೌದ್ಧ ತಾರ್ಕಿಕರು ಮೂರು ಲಕ್ಷಣಗಳನ್ನು ವಿಧಿಸಿದರು. ಪಾತ್ರಕೇಸರಿ ಸ್ವಾಮಿಗಳು ‘ತ್ರಿಲಕ್ಷಣಕದರ್ಥನ’ದಲ್ಲಿ ಇದನ್ನು ಖಂಡಿಸಿದರು. ಆ ಗ್ರಂಥ ಇಂದು ಉಪಲಬ್ಧವಿಲ್ಲ. ಆದರೆ 8ನೆಯ ಶತಮಾನದ ಬೌದ್ಧಾಚಾರ್ಯ ಶಾಂತರಕ್ಷಿತನು ‘ತತ್ತ್ವಸಂಗ್ರಹ’ದಲ್ಲಿ ಅವರ ವಾದವನ್ನು ಎತ್ತಿಕೊಂಡು ಚರ್ಚಿಸಿದ್ದಾನೆ, ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯೂ ಅವರನ್ನು ಸ್ಮರಿಸಿದೆ. ಅವರ ಮತದಲ್ಲಿ ಹೇತುವಿನ ಲಕ್ಷಣ ಒಂದೇ: ಸಾಧ್ಯವಿಲ್ಲದೆ ಅದು ಇರಲಾರದು. ಇದೇ ಅನ್ಯಥಾನುಪಪತ್ತಿ, ಅಥವಾ ಅವಿನಾಭಾವ. ಅಕಲಂಕದೇವರು ಇದನ್ನು ಪುಷ್ಟಿಗೊಳಿಸಿದರು. ಮಾಣಿಕ್ಯನಂದಿಗಳು ‘ಪರೀಕ್ಷಾಮುಖ’ದಲ್ಲಿ ಸೂತ್ರಬದ್ಧಗೊಳಿಸಿದರು.

ಒಬ್ಬನ ಮಕ್ಕಳೆಲ್ಲರೂ ಕಪ್ಪು ಬಣ್ಣದವರು; ಆದುದರಿಂದ ಹುಟ್ಟಲಿರುವ ಮಗನೂ ಕಪ್ಪೇ ಎಂದರೆ, ಮೂರು ಲಕ್ಷಣಗಳೂ ಇದ್ದಂತೆ ತೋರಿದರೂ ನಿಶ್ಚಯವಿಲ್ಲ. ಕೃತ್ತಿಕೆ ಉದಯಿಸಿತು, ಇನ್ನೊಂದು ಮುಹೂರ್ತಕ್ಕೆ ರೋಹಿಣಿ ಉದಯಿಸುವುದು ಎಂಬಲ್ಲಿ ಹೇತುವು ಪಕ್ಷದಲ್ಲೇ ಇಲ್ಲ. ಆದರೂ ಅನುಮಾನ ನಿರ್ದೋಷ. ಉದಾಹರಣೆಗಳ ಸಂಖ್ಯೆಯಲ್ಲ, ನಿಯತ ಸಂಬಂಧವೇ ಮುಖ್ಯ.

ಈ ಒರೆಗಲ್ಲು ಇತಿಹಾಸಕ್ಕೂ ಸಲ್ಲುತ್ತದೆ. ಆಳಂದದ ಅಮರ್ಜಾ ನದಿ ಭೀಮೆಯನ್ನು ಸೇರುತ್ತದೆ. ಆ ಭೀಮೆ ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಹರಿಯುತ್ತದೆ. ಮಳಖೇಡದ, ಅಂದರೆ ಮಾನ್ಯಖೇಟದ, ಕಾಗಿಣಾ ನದಿಯೂ ಭೀಮೆಗೇ ಸೇರುತ್ತದೆ. ಅಕಲಂಕರು ಮಾನ್ಯಖೇಟದ ಮಂತ್ರಿಪುತ್ರರೆಂದು ಪ್ರಭಾಚಂದ್ರರ ಕಥಾಕೋಶ ಹೇಳುತ್ತದೆ. ‘ರಾಜಾವಳೀಕಥೆ’ ಅವರನ್ನು ಕಂಚಿಯವರೆನ್ನುತ್ತದೆ. ‘ತತ್ತ್ವಾರ್ಥವಾರ್ತಿಕ’ದ ಶ್ಲೋಕವೊಂದು ಲಘುಹವ್ವ ನೃಪತಿಯ ಪುತ್ರರೆನ್ನುತ್ತದೆ. ವಿದ್ವಾಂಸರು ಸಾಮಾನ್ಯವಾಗಿ ಅವರನ್ನು 8ನೆಯ ಶತಮಾನದವರೆಂದು ಎಣಿಸುತ್ತಾರೆ. ಮಾನ್ಯಖೇಟವು ರಾಜಧಾನಿಯಾಗಿ ಮೆರೆದದ್ದಾದರೋ ಮುಂದಿನ ಶತಮಾನದಲ್ಲಿ, ಅಮೋಘವರ್ಷನ ಆಳ್ವಿಕೆಯಲ್ಲಿ. ಹೀಗಿರಲು, ಸಮೀಪದ ಸೀಮೆ ಎಂಬ ಒಂದೇ ಹೇತುವಿನಿಂದ ಈ ಊರುಗಳಲ್ಲಿ ಅಕಲಂಕರ ಪಾದಸ್ಪರ್ಶವಾಯಿತೆಂದು ಸಾಧಿಸಲಾಗದು. ಅಲ್ಲಿ ಅವಿನಾಭಾವವಿಲ್ಲ.

ಇದರಿಂದ ಶ್ರದ್ಧೆಗೆ ಕುಂದಿಲ್ಲ. ಆಚಾರ್ಯರು ಬಿಟ್ಟುಹೋದ ನಿಜವಾದ ಆಸ್ತಿ ಹುಟ್ಟೂರಿನ ಹೆಗ್ಗಳಿಕೆಯಲ್ಲ, ವಿಚಾರಶುದ್ಧಿ. ಬಸದಿಯಲ್ಲಿ ಬಿಂಬಪ್ರತಿಷ್ಠೆಯೊಂದಿಗೆ ಅದಕ್ಕೂ ಸ್ಥಾನ ದೊರೆತರೆ, ಆ ಪರಂಪರೆ ಭೀಮಾತೀರದಲ್ಲಿ ಜೀವಂತವಾಗಿರುತ್ತದೆ.