ನಮ್ಮ ಅಡುಗೆಮನೆಯ ಚರಿತ್ರೆ

ಸಕಲೇಶಪುರ, ಆಲೂರು ಸೀಮೆಯ ಚರಿತ್ರೆ ಎಂದರೆ ಕಾಫಿ, ಏಲಕ್ಕಿಯದೇ ಅಂತ ಬರೆಯುತ್ತಾರೆ. ನಮ್ಮ ಅಡುಗೆಮನೆಯ ಚರಿತ್ರೆ ಮಾತ್ರ ಗದ್ದೆಯದು. ಕಾಫಿ ಮಾರಲಿಕ್ಕೆ, ಭತ್ತ ಉಣ್ಣಲಿಕ್ಕೆ ಎಂಬುದು ಹಿರಿಯರ ಲೆಕ್ಕ.

ಅಕ್ಕಿ ತರಿಯನ್ನು ಕುದಿನೀರಲ್ಲಿ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಟ್ಟರೆ ಕಡುಬು. ಬೇಯಿಸಿ ನಾದಿದ ಹಿಟ್ಟನ್ನು ತಟ್ಟಿ, ಕಾವಲಿಯಿಂದ ತೆಗೆದು ಕೆಂಡಕ್ಕೆ ಹಿಡಿದರೆ ಉಬ್ಬುವ ಅಕ್ಕಿರೊಟ್ಟಿ. ಜಡಿಮಳೆಗೆ ಸಂತೆ ತಪ್ಪಿದರೆ ಜೊತೆಗೆ ಕಳಲೆ, ಕೆಸ. ಹಸಿ ಕಳಲೆಯಲ್ಲಿ ವಿಷವುಂಟು. ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿಯೇ ಉಣ್ಣಬೇಕು. ಕೆಸದ ತುರಿಕೆಗೆ ಹುಣಸೆಹುಳಿ. ನಮ್ಮ ಅಜ್ಜಿಯರು ಇದನ್ನೆಲ್ಲ ಪುಸ್ತಕ ಓದಿ ಕಲಿತದ್ದಲ್ಲ.

ಈಗ ಆಳು ಸಿಗದೆ, ಆನೆ ಕಾಟ ತಾಳದೆ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ. 2014ರ ಹೊತ್ತಿಗೆ ಆಲೂರು ಭಾಗದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಕಾಟ ನಿಲ್ಲಲಿಲ್ಲ. ಕಡುಬಿನ ಅಕ್ಕಿಯೂ ಅಂಗಡಿಯಿಂದ ಬರುವಂತಾಗಿದೆ. ಪಾಳುಗದ್ದೆಯನ್ನು ಮತ್ತೆ ಉಳಬಹುದು. ಕೈಯ ಹದ ಮರೆತರೆ ಯಾರನ್ನು ಕೇಳೋಣ?

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದಂದಿನಿಂದ ನಾಡು ಕಲಿತ ಪಾಠ ಒಂದೇ: ಒಬ್ಬೊಬ್ಬರ ಕಾಸು ಕೂಡಿದರೆ ಎಲ್ಲರ ಬಂಡವಾಳ. ಅಡುಗೆಯೂ ಹಾಗೆಯೇ. ಸದಸ್ಯ ಬಂಧುಗಳು ತಮ್ಮ ಮನೆಯ ಅಜ್ಜಿ, ಅವ್ವನ ಒಂದೊಂದು ಅಡುಗೆಯ ಅಳತೆ, ಹದ ಬರೆದು ಸಂಘಕ್ಕೆ ಕೊಟ್ಟರೆ ಅದೂ ನಮ್ಮೂರಿನ ಠೇವಣಿಯೇ.