ಪ್ಯಾರಿಸ್ಸಿನ ಇಟ್ಟಿಗೆ ಪುಡಿ, ಕೊಡಗಿನ ಬೋಪಣ್ಣ

ಮೇ ಕೊನೆ ಬಂತೆಂದರೆ ಹಾಸನದ ಕಡೆ ಆಲೂಗಡ್ಡೆ ಬಿತ್ತನೆಯ ಗಡಿಬಿಡಿ. ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಓಪನ್ ಟೆನಿಸ್ ಶುರುವಾಗುತ್ತದೆ. ಮೊಬೈಲಿನಲ್ಲಿ ರೀಲ್ಸ್ ನೋಡುವಾಗ ನಿಮಗೂ ಕಂಡಿರಬಹುದು: ಕೆಂಪು ನೆಲ, ಆಟಗಾರರ ಬಿಳಿ ಸಾಕ್ಸೆಲ್ಲ ಕೆಂಪು, ಓಡಿ ಬಂದು ಜಾರಿ ಚೆಂಡು ಹೊಡೆಯುವ ರೀತಿ. ನಮ್ಮಲ್ಲಿ ಕೆಲವರು ಇದನ್ನು ಮೊದಲು ನೋಡಿದಾಗ ಕೇಳಿದ್ದು ಒಂದೇ ಮಾತು, "ಇದು ನಮ್ಮ ಚನ್ನರಾಯಪಟ್ಟಣದ ಕೆಮ್ಮಣ್ಣಲ್ಲವಾ?"

ಅಲ್ಲ. ಅದು ಹೊಲದ ಮಣ್ಣಲ್ಲ, ಇಟ್ಟಿಗೆ ಪುಡಿ. ಹಳೇ ಕಾಲದ ಗಾರೆ ಕೆಲಸ ಬಲ್ಲವರಿಗೆ ಇದರ ಹೆಸರು ಗೊತ್ತು, ಸುರ್ಕಿ. ಸುಟ್ಟ ಇಟ್ಟಿಗೆಯನ್ನು ಪುಡಿ ಮಾಡಿ ಸುಣ್ಣದ ಜತೆ ಕಲಸಿ ಕಟ್ಟಡ ಕಟ್ಟುತ್ತಿದ್ದರಲ್ಲ, ಕನ್ನಂಬಾಡಿ ಕಟ್ಟೆ ಎದ್ದು ನಿಂತದ್ದೂ ಸುರ್ಕಿ ಗಾರೆಯಲ್ಲೇ. ಪ್ಯಾರಿಸ್ಸಿನ ಅಂಕಣದಲ್ಲಿ ಈ ಪುಡಿ ಇರುವುದು ಒಂದೆರಡು ಮಿಲಿಮೀಟರ್ ದಪ್ಪ ಮಾತ್ರ. ಅದರ ಕೆಳಗೆ ಬಿಳಿ ಸುಣ್ಣಕಲ್ಲಿನ ಪುಡಿಯನ್ನು ಆರೇಳು ಸೆಂಟಿಮೀಟರ್ ದಪ್ಪಕ್ಕೆ ಹಾಸಿ ಬಿಗಿದಿರುತ್ತಾರೆ. ಅದಕ್ಕೂ ಕೆಳಗೆ ಕಲ್ಲಿದ್ದಲು ಸುಟ್ಟುಳಿದ ಕಿಟ್ಟ, ಜಲ್ಲಿ, ದಪ್ಪ ಕಲ್ಲು. ನಾವು ಮಣ್ಣು ಅಂದುಕೊಂಡದ್ದು ನಿಜಕ್ಕೂ ಬಿಳಿ ನೆಲಕ್ಕೆ ಬಳಿದ ಕೆಂಪು.

ಇದು ಹೇಗೆ ಶುರುವಾಯಿತು ಅನ್ನುವುದಕ್ಕೆ ಒಂದು ಕಥೆ ಹೇಳುತ್ತಾರೆ. 1880ರ ಸುಮಾರಿನಲ್ಲಿ ಇಂಗ್ಲೆಂಡಿನ ರೆನ್‌ಶಾ ಅಣ್ಣತಮ್ಮಂದಿರು ದಕ್ಷಿಣ ಫ್ರಾನ್ಸಿನ ಕಾನ್ ಊರಿನಲ್ಲಿ ಟೆನಿಸ್ ಕಲಿಸುತ್ತಿದ್ದರಂತೆ. ಅಲ್ಲಿನ ಬಿಸಿಲಿಗೆ ಹುಲ್ಲು ಒಣಗಿಹೋಗುತ್ತಿತ್ತು. ಪಕ್ಕದಲ್ಲೇ ವಲ್ಲೋರಿ ಅನ್ನುವ ಕುಂಬಾರರ ಊರು. ಅಲ್ಲಿಂದ ಒಡೆದ ಮಡಕೆ ಚೂರು ತರಿಸಿ, ಪುಡಿ ಮಾಡಿ, ಹುಲ್ಲಿನ ಮೇಲೆ ಹರಡಿದರಂತೆ. ಕಥೆ ಎಷ್ಟು ನಿಜವೋ, ಕೆಲಸ ಮಾತ್ರ ನಮ್ಮವರಿಗೆ ಅರ್ಥವಾಗುವಂಥದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಹಳ್ಳಿಗಳಲ್ಲಿ ಹುತ್ತದ ಮಣ್ಣನ್ನು ಪುಡಿ ಮಾಡಿ ಅಂಕಣ ಹಾಕುತ್ತಿದ್ದರು. ನಮ್ಮ ದಕ್ಷಿಣ ಭಾರತದ ಹಳೆಯ ಕ್ಲಬ್ಬುಗಳಲ್ಲಿ ಮಣ್ಣು ಬಿಗಿದು ಮೇಲೆ ಸಗಣಿ ಸಾರಿಸಿ ಆಡುತ್ತಿದ್ದದ್ದೂ ಉಂಟು.

ಸಗಣಿ ಸಾರಿಸಿದ ನೆಲವೆಂದರೆ ನಮಗೆ ನೆನಪಾಗುವುದು ರಾಗಿ ಕಣ. ಹುಲ್ಲು ಕೆತ್ತಿ, ನೀರು ಚುಮುಕಿಸಿ, ರೋಣಗಲ್ಲು ಎಳೆದು, ಸಗಣಿ ಬಗ್ಗಡ ಬಿಟ್ಟು ಸಾರಿಸಿ ಒಣಗಿಸುವುದು. ಹೊಳೆನರಸೀಪುರ, ಅರಕಲಗೂಡು ಕಡೆಯ ಹಿರಿಯರನ್ನು ಕೇಳಿದರೆ ನೆಲ ಬಿರಿಯದ ಹಾಗೆ ಕಣ ಮಾಡುವುದು ಹೇಗೆಂದು ಬಾಯಿಪಾಠ ಹೇಳುತ್ತಾರೆ. ಈಗ ರಸ್ತೆ ಮೇಲೆ ಒಕ್ಕಣೆ ಬಂದು ಆ ವಿದ್ಯೆಯೂ ಕಡಿಮೆಯಾಯಿತು, ಅದು ಬೇರೆ ಮಾತು. ಮಣ್ಣಿನ ಅಂಕಣಕ್ಕೂ ದಿನಾ ಇಷ್ಟೇ ಚಾಕರಿ ಬೇಕು. ನೀರು ಕಮ್ಮಿಯಾದರೆ ಧೂಳು, ಹೆಚ್ಚಾದರೆ ಕೆಸರು. ಪ್ಯಾರಿಸ್ಸಿನಲ್ಲಿ ಆಟದ ನಡುನಡುವೆಯೂ ಬಲೆ ಎಳೆದು ನೆಲ ಸಮ ಮಾಡುತ್ತಾರೆ, ಗೆರೆ ಗುಡಿಸುತ್ತಾರೆ.

ಇಂಥ ನೆಲದಲ್ಲಿ ಚೆಂಡಿನ ವೇಗ ತಗ್ಗುತ್ತದೆ, ಪುಟಿತ ಎತ್ತರವಾಗುತ್ತದೆ. ಒಂದೇ ಏಟಿಗೆ ಪಾಯಿಂಟ್ ಸಿಗುವುದು ಕಷ್ಟ, ಎದುರಾಳಿ ಓಡಿ ಹೋಗಿ ತಿರುಗಿ ಹೊಡೆದೇ ಹೊಡೆಯುತ್ತಾನೆ. ಹಾಗಾಗಿ ಇಲ್ಲಿ ದಮ್ಮು ಬೇಕು, ತಾಳ್ಮೆ ಬೇಕು. ಚೆಂಡು ಬಿದ್ದ ಗುರುತೂ ನೆಲದ ಮೇಲೆ ಉಳಿಯುತ್ತದೆ. ಜಗಳ ಬಂದರೆ ಅಂಪೈರ್ ಕುರ್ಚಿಯಿಂದ ಇಳಿದು ಬಂದು ಆ ಗುರುತು ನೋಡಿ ತೀರ್ಪು ಕೊಡುತ್ತಾರೆ.

ಇನ್ನು ಟೂರ್ನಿಯ ಇತಿಹಾಸ. 1891ರಲ್ಲಿ ಶುರುವಾದಾಗ ಅದು ಫ್ರಾನ್ಸಿನ ಕ್ಲಬ್ಬುಗಳ ಸದಸ್ಯರಿಗೆ ಮಾತ್ರ, ಅದೂ ಗಂಡಸರಿಗೆ ಮಾತ್ರ. ಹೆಂಗಸರ ಪಂದ್ಯ ಸೇರಿದ್ದು 1897ರಲ್ಲಿ. ಹೊರದೇಶದವರನ್ನು ಬಿಟ್ಟುಕೊಂಡದ್ದು 1925ರಲ್ಲಿ. ಈಗಿನ ಸ್ಟೇಡಿಯಂ ಕಟ್ಟಿದ್ದು 1928ರಲ್ಲಿ. ಹಿಂದಿನ ವರ್ಷ ಫ್ರಾನ್ಸಿನವರು ಅಮೆರಿಕಕ್ಕೆ ಹೋಗಿ ಡೇವಿಸ್ ಕಪ್ ಗೆದ್ದು ತಂದಿದ್ದರು, ಅದನ್ನು ತವರಿನಲ್ಲಿ ಉಳಿಸಿಕೊಳ್ಳುವ ಪಂದ್ಯಕ್ಕೆ ದೊಡ್ಡ ಜಾಗ ಬೇಕಿತ್ತು. ಇಟ್ಟ ಹೆಸರು ರೋಲಾಂ ಗಾರೋಸ್. ಆತ ಟೆನಿಸ್ಸಿನಲ್ಲಿ ಹೆಸರು ಮಾಡಿದವನಲ್ಲ. 1913ರಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ಮೊದಲು ವಿಮಾನದಲ್ಲಿ ದಾಟಿದವನು, 1918ರ ಯುದ್ಧದಲ್ಲಿ ಸತ್ತವನು. ಎರಡನೇ ಮಹಾಯುದ್ಧ ಶುರುವಾದಾಗ ಇದೇ ಸ್ಟೇಡಿಯಂನಲ್ಲಿ ವಿದೇಶಿಯರನ್ನು ಕೂಡಿಹಾಕಿದ್ದರು.

ಇದರಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ದುಡ್ಡಿನ ಕಥೆ. 1968ರ ತನಕ ದೊಡ್ಡ ಟೂರ್ನಿಗಳಲ್ಲಿ ದುಡ್ಡು ತಗೊಂಡು ಆಡುವವರಿಗೆ ಪ್ರವೇಶವೇ ಇರಲಿಲ್ಲ. ಆಟವೆಂದರೆ ಉಳ್ಳವರ ಹವ್ಯಾಸ, ಕೂಲಿ ತಗೊಂಡರೆ ಮೈಲಿಗೆ ಅನ್ನುವ ಲೆಕ್ಕ. ನಮ್ಮ ಜಾತ್ರೆ ಕುಸ್ತಿಯ ಪೈಲ್ವಾನರಿಗೆ ಈ ಕಾನೂನು ಹೇಳಿದ್ದರೆ ನಗುತ್ತಿದ್ದರು. ಗೆದ್ದವನಿಗೆ ಇನಾಮು ಕೊಡದೆ ಮಟ್ಟಿಗೆ ಇಳಿ ಅನ್ನುವುದು ಹೇಗೆ? 1925, 1926ರಲ್ಲಿ ಪ್ಯಾರಿಸ್ಸಿನಲ್ಲಿ ಗೆದ್ದ ಸುಝಾನ್ ಲೆಂಗ್ಲೆನ್ ಆ ಕಾಲದ ಬಹು ದೊಡ್ಡ ಆಟಗಾರ್ತಿ. 1926ರಲ್ಲಿ ಆಕೆ ಹಣಕ್ಕೆ ಆಡಲು ಒಪ್ಪಿದರು, ಅಲ್ಲಿಗೆ ಆ ಬಾಗಿಲು ಮುಚ್ಚಿತು. ಇವತ್ತು ಅಲ್ಲಿನ ಎರಡನೇ ದೊಡ್ಡ ಅಂಕಣಕ್ಕೆ ಅವರದೇ ಹೆಸರು.

1968ರ ಮೇ ತಿಂಗಳಲ್ಲಿ ಫ್ರಾನ್ಸಿನ ತುಂಬ ವಿದ್ಯಾರ್ಥಿಗಳ ದಂಗೆ, ಕಾರ್ಮಿಕರ ಮುಷ್ಕರ. ರೈಲು ಇಲ್ಲ, ಪೆಟ್ರೋಲ್ ಇಲ್ಲ. ಅಂಥದ್ದರಲ್ಲಿ ವೃತ್ತಿಪರರಿಗೂ ಹವ್ಯಾಸಿಗಳಿಗೂ ಒಟ್ಟಿಗೆ ಆಡಲು ಬಿಟ್ಟ ಮೊದಲ ಗ್ರ್ಯಾಂಡ್ ಸ್ಲಾಮ್ ಅಲ್ಲಿ ನಡೆಯಿತು. ಗಂಡಸರಲ್ಲಿ ಕೆನ್ ರೋಸ್‌ವಾಲ್ ಗೆದ್ದರು, ಬಹುಮಾನ 15,000 ಫ್ರಾಂಕ್. ಹೆಂಗಸರ ಬಹುಮಾನ 5,000 ಫ್ರಾಂಕ್. ಗೆದ್ದ ನ್ಯಾನ್ಸಿ ರಿಚಿ ಇನ್ನೂ ಹವ್ಯಾಸಿ ಪಟ್ಟಿಯಲ್ಲಿದ್ದರು, ಆ ಮೂರನೇ ಒಂದು ಪಾಲೂ ಅವರ ಕೈಗೆ ಬರಲಿಲ್ಲ. ನಾಟಿಗೆ, ಕಳೆಗೆ ಹೋಗುವ ನಮ್ಮ ಹೆಣ್ಣಾಳುಗಳ ಕೂಲಿ ಗಂಡಾಳಿನದಕ್ಕಿಂತ ಯಾಕೆ ಕಮ್ಮಿ ಎಂದು ಕೇಳಿದರೆ "ಮೊದಲಿಂದ ಹಂಗೇ" ಅನ್ನುತ್ತಾರಲ್ಲ, ಅಲ್ಲೂ ಹಾಗೇ ಅಂದರು. ಅಮೆರಿಕದ ಟೂರ್ನಿ 1973ರಲ್ಲೇ ಬಹುಮಾನ ಸಮ ಮಾಡಿತು. ಪ್ಯಾರಿಸ್ಸಿನಲ್ಲಿ ಸಿಂಗಲ್ಸ್ ಗೆದ್ದವರಿಗೆ ಸಮ ಹಣ ಸಿಕ್ಕಿದ್ದು 2006ರಲ್ಲಿ, ಎಲ್ಲ ಸುತ್ತಿನವರಿಗೂ 2007ರಲ್ಲಿ. ಸುಮಾರು ನಲವತ್ತು ವರ್ಷ.

ಭಾರತದವರು ಆ ಕೆಂಪು ನೆಲದಲ್ಲಿ ಗೆದ್ದದ್ದು ಮುಖ್ಯವಾಗಿ ಜೋಡಿ ಆಟದಲ್ಲಿ. 1997ರಲ್ಲಿ ಮಹೇಶ್ ಭೂಪತಿ ಜಪಾನಿನ ರಿಕಾ ಹಿರಾಕಿ ಜತೆ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 1999ರಲ್ಲಿ, 2001ರಲ್ಲಿ ಭೂಪತಿ–ಪೇಸ್ ಜೋಡಿ. 2012ರಲ್ಲಿ ಸಾನಿಯಾ ಮಿರ್ಜಾ, ಭೂಪತಿ.

ಆಮೇಲೆ ನಮ್ಮ ಪಕ್ಕದ ಜಿಲ್ಲೆಯವರ ಸರದಿ. ಅರಕಲಗೂಡು ತಾಲ್ಲೂಕಿನವರಿಗೆ ಕೊಡಗು ದೂರವಲ್ಲ, ರಾಮನಾಥಪುರದಲ್ಲಿ ಹರಿಯುವ ಕಾವೇರಿ ಅಲ್ಲಿಂದಲೇ ಬರುವುದು. ರೋಹನ್ ಬೋಪಣ್ಣ 1980ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಕೊಡಗಿನಲ್ಲಿ ಬೆಳೆದವರು. ತಂದೆ ಕಾಫಿ ಬೆಳೆಗಾರರು. ಕೊಡಗು ಹಾಕಿಯ ನಾಡು, ಆದರೆ ಹುಡುಗ ಹಿಡಿದದ್ದು ರಾಕೆಟ್.

2017ರ ಜೂನ್ 8. ಬೋಪಣ್ಣ ಅವರಿಗೆ 37 ವರ್ಷ. ಮಿಶ್ರ ಡಬಲ್ಸ್ ಫೈನಲ್, ಜತೆಗಾರ್ತಿ ಕೆನಡಾದ ಗ್ಯಾಬ್ರಿಯೆಲಾ ಡಬ್ರೋವ್‌ಸ್ಕಿ. ಎದುರಿಗೆ ಜರ್ಮನಿಯ ಅನ್ನಾ-ಲೆನಾ ಗ್ರೋನೆಫೆಲ್ಡ್, ಕೊಲಂಬಿಯಾದ ರಾಬರ್ಟ್ ಫರಾ. ಮೊದಲ ಸೆಟ್ 2-6ರಲ್ಲಿ ಹೋಯಿತು. ಎರಡನೆಯದು 6-2ರಲ್ಲಿ ಬಂತು. ಕೊನೆಯ ಟೈಬ್ರೇಕ್‌ನಲ್ಲಿ ಎದುರಾಳಿಗಳಿಗೆ ಎರಡು ಸಲ ಒಂದೇ ಪಾಯಿಂಟಿನಲ್ಲಿ ಕಪ್ ಎತ್ತುವ ಅವಕಾಶ ಸಿಕ್ಕಿತ್ತು. ಎರಡೂ ಸಲ ಇವರು ಉಳಿಸಿಕೊಂಡರು. 12-10. ಬೋಪಣ್ಣ ಅವರ ಮೊದಲ ಗ್ರ್ಯಾಂಡ್ ಸ್ಲಾಮ್ ಅದು. ಗ್ರ್ಯಾಂಡ್ ಸ್ಲಾಮ್ ಗೆದ್ದ ಮೊದಲ ಕೆನಡಾ ಮಹಿಳೆ ಡಬ್ರೋವ್‌ಸ್ಕಿ.

ಇಷ್ಟಾದರೂ ನಮ್ಮ ರಾಜ್ಯದಲ್ಲಿ ನಡೆಯುವ ವೃತ್ತಿಪರ ಟೂರ್ನಿಗಳು ಬಹುಪಾಲು ಸಿಂಥೆಟಿಕ್ ಅಂಕಣದಲ್ಲೇ. 2008ರಲ್ಲಿ ಸೆರೆನಾ ವಿಲಿಯಮ್ಸ್ ಬಂದು ಬೆಂಗಳೂರಿನಲ್ಲಿ ಗೆದ್ದದ್ದೂ ಗಟ್ಟಿ ಅಂಕಣದಲ್ಲಿ. ಕಾರಣ ಸರಳ. ಒಮ್ಮೆ ದುಡ್ಡು ಸುರಿದರೆ ದಿನಾ ನೀರು ಹಾಕುವ, ರೋಲರ್ ಎಳೆಯುವ ಆಳು ಬೇಡ. ಹಳೆಯ ಕ್ಲಬ್ಬುಗಳಲ್ಲಿ ಆ ಕೆಲಸಕ್ಕೆ ಮಾರ್ಕರ್ ಅಂತ ಇರುತ್ತಿದ್ದರು. ಅಂಕಣ ಕಾಯುವುದು, ಸಾಹೇಬರಿಗೆ ಎದುರಾಳಿ ಬಾರದ ದಿನ ತಾವೇ ರಾಕೆಟ್ ಹಿಡಿದು ಆಡುವುದು ಅವರ ಪಾಲು. ಸದಸ್ಯತ್ವ ಇಲ್ಲದ ಮನೆಯ ಮಕ್ಕಳು ಟೆನಿಸ್ ಕಲಿತದ್ದು ಎಷ್ಟೋ ಸಲ ಆ ದಾರಿಯಲ್ಲೇ. ಮಣ್ಣಿನ ಅಂಕಣ ಹೋದಲ್ಲಿ ಆ ದಾರಿಯೂ ಹೋಯಿತು. ಸಿಂಥೆಟಿಕ್ ಹಾಕಲು ತಾಲ್ಲೂಕು ಶಾಲೆಗೆ ದುಡ್ಡಿಲ್ಲ. ಕೆಮ್ಮಣ್ಣು, ಮುರಿದ ಹೆಂಚು, ಒಡೆದ ಇಟ್ಟಿಗೆ ನಮ್ಮಲ್ಲಿ ಬೇಕಾದಷ್ಟಿದೆ.

ಬೋಪಣ್ಣ 2024ರಲ್ಲಿ, 43ನೇ ವಯಸ್ಸಿಗೆ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ವಿಶ್ವದ ಒಂದನೇ ಸ್ಥಾನಕ್ಕೇರಿದರು. 2025ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ನಿವೃತ್ತಿ ಹೇಳಿದರು. ಆ ದಿನದ ಮಾತಿನಲ್ಲಿ ಅವರು ಮೊದಲು ನೆನೆದದ್ದು ಕೊಡಗನ್ನು: ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆದದ್ದು, ದಮ್ಮಿಗಾಗಿ ಕಾಫಿ ತೋಟದಲ್ಲಿ ಓಡಿದ್ದು, ಬಿರುಕು ಬಿಟ್ಟ ಅಂಕಣಗಳಲ್ಲಿ ಆಡಿದ್ದು.